ಒಂದು ಟಿಕೆಟ್ಟಿನ ಎರಡು ಅರ್ಧ

ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕುವ ಹೆಂಗಸು ಒಬ್ಬಳಿದ್ದಳು. ಕಸ ಗುಡಿಸುವವರಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರ ಬಾಯಲ್ಲೂ ಅವಳು ಇಸ್ತ್ರಿಯಕ್ಕ. ಅವಳು ವಯಸ್ಸಿನ ಕಾಲದಲ್ಲಿ ನೂರರ ಮೇಲೆ ನಾಟಕ ನೋಡಿದ್ದಳು. ಎಲ್ಲದರ ಕೊನೆಯನ್ನೂ ನೋಡಿದ್ದಳು, ಒಂದರ ಆರಂಭವನ್ನೂ ನೋಡಿರಲಿಲ್ಲ. ಇದೆಂಥ ವಿಚಿತ್ರ ಅಂತೀರಾ? ವಿಚಿತ್ರವೇನಲ್ಲ, ಬಡತನ.

ಅವಳ ಗಂಡ ಬೀಗ ರಿಪೇರಿಯವನು. ಪೇಟೆಯ ಮೂಲೆಯ ಗೋಡೆಗೆ ಮೊಳೆ ಹೊಡೆದು ಕೀಲಿಕೈಗಳ ಗೊಂಚಲು ತೂಗುಹಾಕಿದರೆ ಅದೇ ಅವನ ಅಂಗಡಿ. ಎಂಥ ಹಟಮಾರಿ ಬೀಗವನ್ನೂ ಮಾತಾಡಿಸಿಯೇ ತೆರೆಸುತ್ತಾನೆ ಎಂಬ ಹೆಸರು. ಮದುವೆಯಾದ ಹೊಸತರಲ್ಲಿ ಇಬ್ಬರಿಗೂ ಒಂದೇ ಹುಚ್ಚು, ನಾಟಕದ್ದು. ರಂಗಮಂದಿರದ ಕಟ್ಟಕಡೆಯ ಬೆಂಚಿನ ಟಿಕೆಟ್ಟು ಮಾತ್ರ ಕೈಗೆ ಎಟಕುತ್ತಿತ್ತು, ಅದೂ ಒಂದೇ. ಎರಡು ಕೊಂಡರೆ ಆ ವಾರ ಒಲೆ ಹಚ್ಚುವ ಮುಂಚೆ ಯೋಚಿಸಬೇಕು. ನೀವು ಹೋಗಿ ಅಂತ ಇವಳು, ನೀನು ಹೋಗು ಅಂತ ಅವನು, ಹೀಗೆ ಎರಡು ನಾಟಕ ಬಂದು ಹೋದವು. ಮೂರನೆಯದಕ್ಕೆ ಬೀಗದವನಿಗೆ ಒಂದು ಉಪಾಯ ಹೊಳೆಯಿತು. ಇಂಟರ್‌ವಲ್ಲಿನಲ್ಲಿ ಜನ ಹೊರಗೆ ಬಂದು ಗಾಳಿ ಕುಡಿದು, ಹರಿದ ಟಿಕೆಟ್ ತೋರಿಸಿ ಮತ್ತೆ ಒಳಗೆ ಹೋಗುತ್ತಾರಲ್ಲ? ಹೊರಗೆ ಬಂದವರೇ ಒಳಗೆ ಹೋಗಬೇಕು ಅಂತ ಎಲ್ಲಿ ಬರೆದಿದೆ?

"ಮೊದಲರ್ಧ ನಂದು," ಅಂದ. "ನಂಗೆ ಕೊನೆ ನೋಡೋಕಾಗಲ್ಲ, ಯಾರಾದ್ರೂ ಸಾಯ್ತಾರೆ. ಮೊದಲರ್ಧದಲ್ಲಿ ನೋಡು, ಎಲ್ಲರೂ ಗಟ್ಟಿಮುಟ್ಟಾಗಿ ಓಡಾಡ್ಕೊಂಡಿರ್ತಾರೆ."

"ಅಂದ್ರೆ ಸಾಯೋರನ್ನೆಲ್ಲ ನಂಗೆ ಬಿಟ್ರಿ ಅನ್ನಿ."

"ಆಸ್ಪತ್ರೇಲಿ ಕೆಲಸ ಮಾಡೋಳು ನೀನು. ನಿಂಗೆ ರೂಢಿ."

ಅಂದಿನಿಂದ ಅದೇ ಪದ್ಧತಿ. ತಿಂಗಳಿಗೊಂದು ಭಾನುವಾರ, ಮಧ್ಯಾಹ್ನದ ಆಟ. ಅವನು ಒಳಗೆ, ಇವಳು ಹೊರಗೆ ಮೆಟ್ಟಿಲ ಮೇಲೆ. ಇಂಟರ್‌ವಲ್ಲಿನ ಗಂಟೆಗೆ ಅವನು ಬಂದು ಹರಿದ ಟಿಕೆಟ್ಟನ್ನು ಇವಳ ಅಂಗೈಯಲ್ಲಿಟ್ಟು, ಬೆಚ್ಚಗಿನ ಜಾಗ ಬಿಟ್ಟುಕೊಡುವವನ ಹಾಗೆ ನಾಲ್ಕು ಮಾತು ಹೇಳುತ್ತಿದ್ದ. "ದಪ್ಪ ಮೀಸೆಯವನನ್ನ ನಂಬಬೇಡ. ಕೆಂಪು ಬಟ್ಟೆಯವಳು ಅವನ ತಂಗಿ ಅಂತಾರೆ, ಅಲ್ಲ. ಮೂಲೇಲಿ ಕೂತಿರೋ ಮುದುಕನಿಗೆ ಕಿವಿ ಕೇಳುತ್ತೆ, ಸುಮ್ನೆ ನಾಟಕ ಆಡ್ತಿದಾನೆ. ಓಡು, ಗಂಟೆ ಆಯ್ತು." ಅಷ್ಟನ್ನು ಸೆರಗಿನ ಗಂಟಿನಂತೆ ಹಿಡಿದುಕೊಂಡು ಅವಳು ಒಳಗೆ ಓಡಬೇಕು.

ಗೇಟಿನಲ್ಲಿ ಟಿಕೆಟ್ ಹರಿಯುವ ಮುದುಕನಿಗೆ ಇದು ಗೊತ್ತಿಲ್ಲದೆ ಏನಿಲ್ಲ. "ಹೊರಗೆ ಬಂದಿದ್ದು ಮೀಸೆ ಇದ್ದೋನು, ಒಳಗೆ ಹೋಗ್ತಿರೋದು ಜಡೆ ಇದ್ದೋಳು," ಎನ್ನುತ್ತಿದ್ದ. "ಒಳಗಿನ ವೇಷಗಾರರಿಗಿಂತ ನಿಮ್ದೇ ಜೋರಾಯ್ತಲ್ಲಮ್ಮಾ." ಹೀಗೆ ಅಂದು ಬೇರೆ ಕಡೆ ನೋಡುತ್ತಿದ್ದ. ಅವನು ಬೇರೆ ಕಡೆ ನೋಡಿದ್ದರಿಂದಲೇ ಒಂದು ಸಂಸಾರ ಹತ್ತು ವರ್ಷ ನಾಟಕ ಕಂಡಿತು.

ಆದರೆ ನಿಜವಾದ ನಾಟಕ ಇದ್ದದ್ದು ಮನೆಗೆ ಹೋಗುವ ದಾರಿಯಲ್ಲಿ. ನದಿಯ ಸೇತುವೆ ಹತ್ತಿದ ಕೂಡಲೇ ಅವನು ಶುರುಮಾಡುತ್ತಿದ್ದ: "ಮೊದಲು ದೀಪ ಆರಿತು ಅಂತ ಇಟ್ಕೋ..." ಇದ್ದದ್ದಕ್ಕೆ ಇಲ್ಲದ್ದು ಸೇರಿಸಿ, ಉಪ್ಪುಖಾರ ಹಚ್ಚಿ, ರಾಜನಿಗೆ ಒಂದು ಕೆಮ್ಮು, ರಾಣಿಗೆ ಒಂದು ಹಲ್ಲುನೋವು ಕೊಟ್ಟು, ಸೇತುವೆ ಮುಗಿಯುವಷ್ಟರಲ್ಲಿ ಅರ್ಧ ನಾಟಕ ಮುಗಿಸುತ್ತಿದ್ದ. ಆಮೇಲೆ ಇವಳ ಸರದಿ. ಯಾರಾದರೂ ಸಾಯುವಂತಿದ್ದರೆ ಅವನ ಹೆಜ್ಜೆ ನಿಧಾನವಾಗುತ್ತಿತ್ತು. "ಬದುಕಿಸೇ, ನಿನ್ನ ಗಂಟೇನು ಹೋಗುತ್ತೆ," ಎನ್ನುತ್ತಿದ್ದ. ಎಷ್ಟೋ ಸಲ ಬದುಕಿಸಿದ್ದಳು.

ಮಗಳು ಹುಟ್ಟಿದ ಮೇಲೆ ಟಿಕೆಟ್ಟಿನ ಜೊತೆ ಕೂಸೂ ಕೈ ಬದಲಾಯಿಸತೊಡಗಿತು. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು," ಎಂದು ಇಸ್ತ್ರಿಯಕ್ಕನ ತಾಯಿ ಮೂತಿ ತಿರುಗಿಸಿದರೆ, ಅಳಿಯ ನಗುತ್ತ ಹೇಳುತ್ತಿದ್ದ: "ಅತ್ತೆ, ಒಂದೇ ಹೂವು. ಅರ್ಧರ್ಧ ಮುಡೀತೀವಿ."

ಮಗಳಿಗೆ ಎಂಟು ತುಂಬಿದ ವರ್ಷ ಒಂದು ಹೊಸ ನಾಟಕ ಬಂತು. ಇಂಟರ್‌ವಲ್ಲಿಗೆ ಹೊರಬಂದ ಬೀಗದವನು ಟಿಕೆಟ್ ಕೈಗಿಟ್ಟ. ಇವಳು ಎಂದಿನಂತೆ ಕಿವಿ ಒಡ್ಡಿದಳು. ಅವನು ಮೆಟ್ಟಿಲ ಮೇಲೆ ಕುಳಿತು, "ಇವತ್ತಿಂದು ದೊಡ್ಡದಿದೆ. ದಾರೀಲಿ ಹೇಳ್ತೀನಿ, ಹೋಗು," ಎಂದಷ್ಟೇ ಹೇಳಿದ. ಅಷ್ಟು ದೊಡ್ಡದೆಂದರೆ ಎಷ್ಟು ಚೆನ್ನಾಗಿರಬೇಕು ಎಂದುಕೊಂಡು ಅವಳು ಖುಷಿಯಿಂದಲೇ ಓಡಿದಳು.

ಒಳಗೆ ಒಬ್ಬ ಮುದುಕಿ. ಅವಳ ಊಟದ ಮೇಜಿನ ಮೇಲೆ ಒಂದು ಒಂಟಿ ಬೂಟು. ಯಾರು ಬಂದರೂ ಅದನ್ನು ಮುಟ್ಟಗೊಡುವುದಿಲ್ಲ. ಕಡೆಗೆ ಮುದುಕಿ ಆ ಬೂಟನ್ನು ಎದೆಗೊತ್ತಿಕೊಂಡು ಎದ್ದು, ಹೊಸ್ತಿಲಾಚೆ ಇಟ್ಟು, ಬಾಗಿಲು ಹಾಕಿಕೊಳ್ಳುತ್ತಾಳೆ. ಜನವೆಲ್ಲ ಬಿಕ್ಕಿದರು. ಇಸ್ತ್ರಿಯಕ್ಕನಿಗೆ ಅಳುವುದಕ್ಕೂ ತಿಳಿಯಲಿಲ್ಲ. ಬೂಟು ಯಾರದು? ಸೇತುವೆ ಹತ್ತಿದ ಕೂಡಲೇ ಕೇಳಬೇಕು ಎಂದುಕೊಂಡು ಹೊರಗೆ ಬಂದಳು.

ಅವನು ಮೆಟ್ಟಿಲ ಮೇಲೆ ಗೋಡೆಗೆ ಒರಗಿದ್ದ. ಪಕ್ಕದಲ್ಲಿ ಮಗಳು ಕೀಲಿಕೈಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು. "ಮೆಲ್ಲಗೆ ಅಮ್ಮಾ," ಅಂದಳು. "ಅಪ್ಪ ನಿದ್ದೆ ಮಾಡ್ತಿದಾರೆ."

ಆಮೇಲಿನ ಇಪ್ಪತ್ತೆರಡು ವರ್ಷವನ್ನು ಇಸ್ತ್ರಿಪೆಟ್ಟಿಗೆಯ ಕೆಳಗೆ ಹಾಕಿ ಒಂದೇ ಸಮ ಮಾಡಿದಳು. ಮಗಳು ಓದಿ ಬಸ್ ಕಂಡಕ್ಟರ್ ಆದಳು. ರಂಗಮಂದಿರದ ಕಡೆ ಇಸ್ತ್ರಿಯಕ್ಕ ತಲೆ ಹಾಕಿ ಮಲಗಲಿಲ್ಲ. ಆದರೆ ಚಾದರ ಮಡಿಸುವಾಗ ಎಷ್ಟೋ ಸಲ ಕೈ ನಿಲ್ಲುತ್ತಿತ್ತು. ಬೂಟು ಯಾರದು? ಅದರಲ್ಲಿ ಅಷ್ಟು ದೊಡ್ಡದು ಏನಿತ್ತು? ಅವನು ಹೇಳದೆ ಹೋದ ಅರ್ಧ ಅವಳೊಳಗೆ ಕೀಲಿಯಿಲ್ಲದ ಬೀಗದಂತೆ ತೂಗುತ್ತಿತ್ತು.

ಅದೇ ನಾಟಕ ಮತ್ತೆ ಬರುತ್ತದೆ ಎಂಬ ದೊಡ್ಡ ಪೋಸ್ಟರನ್ನು ಅವಳು ಕಂಡದ್ದು ಆಸ್ಪತ್ರೆಯ ಎದುರಿನ ಗೋಡೆಯ ಮೇಲೆ. ಅಂದೇ ಹೋದಳು. ರಂಗಮಂದಿರ ಗುರುತು ಸಿಗದಷ್ಟು ಬದಲಾಗಿತ್ತು. ಬೆಂಚುಗಳಿಲ್ಲ, ಎಲ್ಲ ಮೆತ್ತನೆಯ ಕುರ್ಚಿ. ಗೇಟಿಲ್ಲ, ಗಾಜಿನ ಬಾಗಿಲು. ಬದಲಾಗದೆ ಉಳಿದದ್ದು ಆ ಮೆಟ್ಟಿಲು ಮಾತ್ರ. ಟಿಕೆಟ್ಟಿನ ಬೆಲೆ ಕೇಳಿ ಕಿಟಕಿಯ ಕಟ್ಟೆ ಹಿಡಿದುಕೊಂಡಳು.

"ಅರ್ಧಕ್ಕೆ ಕೊಡ್ತೀರಾ ಮಗಾ? ನಂಗೆ ಮೊದಲರ್ಧ ಸಾಕು. ಉಳಿದಿದ್ದು ನೋಡಿದೀನಿ."

ಕಿಟಕಿಯ ಹುಡುಗಿ ನಗುವುದೋ ಬಿಡುವುದೋ ತಿಳಿಯದೆ, "ಹಾಗೆಲ್ಲ ಚೌಕಾಸಿ ಇಲ್ಲಮ್ಮಾ. ಇದೇ ಎಲ್ಲಕ್ಕಿಂತ ಕಡಿಮೇದು," ಅಂದಳು.

ಮನೆಯಲ್ಲಿ ಡಬ್ಬಿಯ ತಳದಲ್ಲಿ ಮಗಳು ಕೊಟ್ಟ ದುಡ್ಡಿತ್ತು. ವಿಷಯ ಕೇಳಿ ಮಗಳು ಕಂಡಕ್ಟರ್ ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು.

"ಅಮ್ಮಾ, ಅದು ಹಲ್ಲು ಕಟ್ಟಿಸ್ಕೊಳ್ಳೋಕೆ ಕೊಟ್ಟಿದ್ದು."

"ಹಲ್ಲಿಲ್ದೆ ನಾಟಕ ನೋಡಬಹುದು ಕಣೇ. ಟಿಕೆಟ್ಟಿಲ್ದೆ ಬಿಡಲ್ಲ. ಕಂಡಕ್ಟರ್ ನೀನು, ನಿಂಗೆ ನಾನು ಹೇಳಬೇಕಾ?"

ಮಗಳಿಗೆ ನಗು ಬಂತು, ಹಿಂದೆಯೇ ಇನ್ನೇನೋ ಬಂತು. "ಒಬ್ಬಳೇ ಹೋಗ್ತೀಯಾ?"

"ಎರಡು ಕೊಳ್ಳೋ ಶಕ್ತಿ ನಿಮ್ಮಪ್ಪನ ಕಾಲಕ್ಕೂ ಇರಲಿಲ್ಲ."

ಭಾನುವಾರ ಮಧ್ಯಾಹ್ನ ಇಸ್ತ್ರಿಯಕ್ಕ ಕೊನೆಯ ಸಾಲಿನ ಮೆತ್ತನೆ ಕುರ್ಚಿಯ ಅಂಚಿಗೆ ಕುಳಿತಳು. ದೀಪ ಆರಿತು. ಅವಳ ಜನ್ಮದಲ್ಲಿ ನಾಟಕ ಶುರುವಾಗಲು ದೀಪ ಆರಿದ್ದನ್ನು ಕಂಡದ್ದು ಅದೇ ಮೊದಲು.

ಬೂಟಿನ ಸಂಗತಿ ಬೇಗನೆ ಬಂತು. ಮುದುಕಿಯ ಮಗ ಹಡಗಿಗೆ ಹೊತ್ತಾಯಿತೆಂದು ಜಗಳವಾಡಿಕೊಂಡು ಹೊಸ ಬೂಟು ಮೆಟ್ಟಿ ಹೋಗುತ್ತಾನೆ. ಹಳೆಯದರಲ್ಲಿ ಒಂದು ಮಂಚದ ಕೆಳಗೆ ಸಿಗುತ್ತದೆ. ಎರಡು ಮಾತು, ಅಷ್ಟೆ. ಇಸ್ತ್ರಿಯಕ್ಕ ಕಾದಳು. ನೆರೆಯವಳು ಬಂದಳು, ಅಂಚೆಯವನು ಬಂದ, ಯಾರೋ ಸೂಪು ಕುಡಿದರು. ದೊಡ್ಡದು ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಕಾದಳು. ಇಂಟರ್‌ವಲ್ಲಿನ ಗಂಟೆ ಹೊಡೆಯಿತು.

ದೊಡ್ಡದು ಏನೂ ಇರಲಿಲ್ಲ. ಬೀಗದವನ ಬಾಯಲ್ಲಾದರೆ ನಾಲ್ಕೇ ಮಾತಿನಲ್ಲಿ ಮುಗಿಯುವಂಥ ಅರ್ಧ. ಆ ನಾಲ್ಕು ಮಾತಿಗೂ ಅಂದು ಅವನಲ್ಲಿ ಉಸಿರಿರಲಿಲ್ಲ.

ಇಪ್ಪತ್ತೆರಡು ವರ್ಷದ ಬೀಗ ತೆರೆದುಕೊಂಡಿತು. ಒಳಗೆ ಇದ್ದದ್ದು ಇಷ್ಟು: ಅವನು ನಿಂತು ಮಾತಾಡಲಾರದೆ ಕುಳಿತಿದ್ದ, ಅವಳು ಅದೇನೋ ದೊಡ್ಡದೆಂದು ಖುಷಿಯಿಂದ ಓಡಿದ್ದಳು.

ಜನ ಎದ್ದರು. ಅವಳ ಕಾಲೂ ತಾನಾಗಿ ಎದ್ದಿತು, ಹಳೆಯ ದಾರಿ ಹಿಡಿದು ಗಾಜಿನ ಬಾಗಿಲು ದಾಟಿ ಮೆಟ್ಟಿಲ ಬಳಿ ಬಂದು ನಿಂತಿತು. ಕೈಯಲ್ಲಿ ಟಿಕೆಟ್ ಇತ್ತು. ಅದನ್ನು ಹಿಡಿದ ಕೈ ಅರ್ಧ ಮುಂದಕ್ಕೆ ಚಾಚಿತ್ತು. ತೆಗೆದುಕೊಳ್ಳುವವರು ಯಾರೂ ಇರಲಿಲ್ಲ.

ಸಮವಸ್ತ್ರದ ಕಾವಲುಗಾರ್ತಿ ಹತ್ತಿರ ಬಂದಳು. "ಅಯ್ಯೋ, ಹೊರಗ್ಯಾಕೆ ಬಂದ್ರಿ ಅಮ್ಮಾ? ಈ ಬಾಗಿಲು ದಾಟಿದ್ರೆ ಮತ್ತೆ ಆ ಟಿಕೆಟ್ ನಡೆಯಲ್ಲ. ಬೋರ್ಡ್ ಹಾಕಿದಾರಲ್ಲ."

"ಗೊತ್ತಿರಲಿಲ್ಲ ತಾಯಿ."

"ಅಷ್ಟು ದುಡ್ಡು ಕೊಟ್ಟು..." ಕಾವಲುಗಾರ್ತಿ ಹಿಂತಿರುಗಿ ಬಾಗಿಲು ನೋಡಿದಳು. "ನಾನು ಬಿಟ್ರೂ ಆ ಯಂತ್ರ ಬಿಡಲ್ಲಮ್ಮಾ. ಕೂಗಿಕೊಳ್ಳುತ್ತೆ."

"ಇರಲಿ ಬಿಡು. ಸ್ವಲ್ಪ ಹೊತ್ತು ಇಲ್ಲಿ ಕೂತ್ಕೋತೀನಿ."

ಮೂರನೆಯ ಮೆಟ್ಟಿಲು. ಅಂದು ಅವನು ಒರಗಿದ್ದ ಗೋಡೆಯ ಪಕ್ಕ. ಒಳಗೆ ಎರಡನೆಯ ಗಂಟೆಯಾಯಿತು, ಮಾತುಗಳು ಅಡಗಿದವು. ಇಸ್ತ್ರಿಯಕ್ಕ ಟಿಕೆಟ್ಟನ್ನು ಮೊಣಕಾಲ ಮೇಲಿಟ್ಟು ಅಂಗೈಯಿಂದ ತೀಡಿ ಸುಕ್ಕು ತೆಗೆದಳು. ಆಗ ನೆನಪಾಯಿತು, ಉಳಿದುಹೋದದ್ದು ಅವನ ಅರ್ಧ ಮಾತ್ರವಲ್ಲ. ತನ್ನ ಅರ್ಧವನ್ನೂ ಅವನಿಗೆ ಹೇಳಿರಲಿಲ್ಲ.

ಅವಳು ಮೆಲುದನಿಯಲ್ಲಿ ಶುರುಮಾಡಿದಳು. ಫೋನಿನಲ್ಲಿ ಮಾತಾಡುತ್ತಿದ್ದಾರೆ ಎಂದುಕೊಂಡು ಕಾವಲುಗಾರ್ತಿ ದೂರ ಸರಿದಳು.

"ಕೇಳ್ರೀ. ಮಗ ಬರಲ್ಲ. ಮುದುಕಿ ಬೂಟನ್ನ ಹೊರಗಿಟ್ಟು ಬಾಗಿಲು ಹಾಕ್ಕೋತಾಳೆ. ಅಷ್ಟೇ." ಪಕ್ಕದ ಗೋಡೆಯ ಕಡೆ ನೋಡಿ ಹೇಳಿದಳು: "ಹೆದರಬೇಡಿ. ಇದರಲ್ಲಿ ಯಾರೂ ಸಾಯಲ್ಲ."