ಶಾಂತಕ್ಕನ ಬದನೆಕಾಯಿ

ನಾಗಪುರದ ನಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ ಶಾಂತಕ್ಕನ ಬಾಯಿಗೆ ಹೆದರದವರಿರಲಿಲ್ಲ. ಗದಗಿನ ಕಡೆಯ ಹೆಂಗಸು. ಮರಾಠಿ ಬರುತ್ತಿರಲಿಲ್ಲ, ಬೇಕು ಅಂತ ಆಕೆಗೆ ಅನಿಸಿರಲೂ ಇಲ್ಲ. ಇತವಾರಿ ಪೇಟೆಯ ಕಾಳಿನ ಅಂಗಡಿಯಲ್ಲಿ ಜೋಳವನ್ನು ಬೊಗಸೆಯಲ್ಲೆತ್ತಿ, "ಏ ಶೇಟ್, ಇದು ಜ್ವಾಳಾನೋ ಖಡಿಕಲ್ಲೋ? ನಿನ್ನ ಹೇಣ್ತಿಗೆ ಇದನ್ನ ಬೀಸಾಕ ಹಚ್ಚು! ಬರೋಬರ್ ಮಾಲ್ ತೆಗಿ, ಜಲ್ದಿ!" ಎಂದು ಗದರಿಸಿದರೆ ಶೇಟ್ ತೆಪ್ಪಗೆ ಬೇರೆ ಚೀಲ ಬಿಚ್ಚುತ್ತಿದ್ದ. ಹೊಸದಾಗಿ ಮದುವೆಯಾಗಿ ಪಕ್ಕದ ಮನೆಗೆ ಬಂದಿದ್ದ ನನಗೆ, "ಅಂಜಬ್ಯಾಡ ತಂಗಿ, ಬಾಯಿ ಇದ್ದಾಕಿ ಬರಗಾಲದಾಗೂ ಬದುಕ್ತಾಳ" ಎಂದು ಧೈರ್ಯ ಹೇಳುತ್ತಿದ್ದಳು.

ಅಂಥ ಬಾಯನ್ನು ಒಂದೇ ಒಂದು ಮಾತು ಮುಚ್ಚಿಸಿತು. ನಂಜು.

ಆಕೆಯ ಗಂಡ ಗುರುನಾಥಪ್ಪ ಲೋಕೋ ಶೆಡ್ಡಿನಲ್ಲಿ ಫಿಟ್ಟರ್. ಹರ್ನಿಯಾ ಆಪರೇಷನ್ನಿಗೆಂದು ದೊಡ್ಡ ದವಾಖಾನೆಗೆ ಸೇರಿದ. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಅಲ್ಲಿನ ನೀರುಬೇಳೆ ಅವನ ಗಂಟಲಲ್ಲಿ ಇಳಿಯಲಿಲ್ಲ. ಹೊರಗಿನ ಊಟ ತರಬಾರದೆಂಬ ಕಟ್ಟಳೆಯಿದ್ದರೂ ಶಾಂತಕ್ಕ ರೊಟ್ಟಿ, ಎಣ್ಣೆಗಾಯಿ ಪಲ್ಯವನ್ನು ಸೆರಗಿನಲ್ಲಿ ಬಚ್ಚಿಟ್ಟು ಒಯ್ದಳು. ಅವನು ಬೆರಳು ಚೀಪಿ ಉಂಡ. ಜೊತೆಗೆ ಹೋಗಿದ್ದ ನಾನೂ ನಕ್ಕೆ.

ಆಮೇಲೆ ಗಾಯ ಕೀವುಗಟ್ಟಿತು. ಪೆನ್ಸಿಲಿನ್ ಸೂಜಿ ಇದ್ದರೆ ಯಮನೂ ಹಿಂದೆ ಸರಿಯುತ್ತಾನೆಂದು ಜನ ನಂಬಿದ್ದ ಕಾಲ. ಸೂಜಿಯ ಮೇಲೆ ಸೂಜಿ ಚುಚ್ಚಿದರು. ಜ್ವರ ಜಗ್ಗಲಿಲ್ಲ. ಗುರುನಾಥಪ್ಪ ಹೋಗಿಬಿಟ್ಟ.

ತಲೆದಿಂಬಿನ ಕೆಳಗೆ ಸಿಕ್ಕ, ರೊಟ್ಟಿ ಕಟ್ಟಿ ತಂದಿದ್ದ ಎಣ್ಣೆಬಟ್ಟೆಯನ್ನು ದೊಡ್ಡ ಡಾಕ್ಟರು ಎತ್ತಿ ಹಿಡಿದರು. "ಬಾಹೇರಚಂ ಖಾಯಲಾ ದಿಲಂತ್ ನಾ? ಮಗ ಕಾಯ ಹೋಣಾರ?" ಹೊರಗಿನದು ತಿನ್ನಿಸಿದಿರಿ, ಇನ್ನೇನಾಗುತ್ತದೆ ಎಂದು ಕೈ ತೊಳೆದುಕೊಂಡರು. ಆ ವಾರ್ಡಿನಲ್ಲಿ ಅವರು ಕೈ ತೊಳೆದುಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮಿಕ್ಕದ್ದನ್ನು ನಮ್ಮ ಕ್ವಾರ್ಟರ್ಸಿನ ಹೆಂಗಸರೇ ಪೂರೈಸಿದರು. "ಹಸೀ ಗಾಯಕ್ಕ ಬದನಿಕಾಯಿ ಕೊಟ್ಟಿಯಾ? ನಂಜಲ್ಲೇನವಾ ಅದು!"

ಹಾಗಾದರೆ ಪಕ್ಕದ ಮಂಚದ ಹಮಾಲನಿಗೆ ಬದನೆಕಾಯಿ ತಿನ್ನಿಸಿದವರು ಯಾರು? ಅವನಾಚೆಯ ಮುದುಕ ಮಾಸ್ತರರಿಗೆ? ಅವರಿಗೂ ಅದೇ ಕೀವು, ಅದೇ ಜ್ವರ, ಅದೇ ಸಾವು. ಪಟ್ಟಿ ಕಟ್ಟುವವನು ಒಬ್ಬನ ಕೀವಿನ ಬಟ್ಟೆ ಕಿತ್ತು, ಅದೇ ಕೈ, ಅದೇ ಚಿಮಟಿಗೆಯಲ್ಲಿ ಮುಂದಿನವನ ಗಾಯ ಬಿಚ್ಚುತ್ತಿದ್ದ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಲ್ಲಿನ ಕಿರಿಯ ಡಾಕ್ಟರೊಬ್ಬ ನನ್ನ ಹತ್ತಿರ ಮೆಲ್ಲಗೆ, "ಯೇ ಜಂತು ಪೆನ್ಸಿಲಿನ್ ಸೇ ನಹೀ ಮರತಾ, ಬಾಯಿ. ವಾರ್ಡ್ ಮೇ ಹೀ ಹೈ" ಎಂದ. ಪೆನ್ಸಿಲಿನ್ನಿಗೆ ಸಾಯದ ಕ್ರಿಮಿ ವಾರ್ಡಿನಲ್ಲೇ ಇದೆಯಂತೆ! ಇದನ್ನು ಶಾಂತಕ್ಕನಿಗೆ ಹೇಳು ಬಾ ಎಂದೆ. ಅವನು ದೊಡ್ಡ ಡಾಕ್ಟರರ ಕೋಣೆಯ ಕಡೆ ನೋಡಿ ಮುಂದಿನ ಮಂಚಕ್ಕೆ ನಡೆದುಬಿಟ್ಟ. ನನ್ನ ಮೈ ಉರಿದುಹೋಯಿತು. ಈಗಲೂ ಉರಿಯುತ್ತದೆ. ಅಷ್ಟು ಓದಿದವರು ತಮ್ಮ ಹೊಲಸನ್ನು ಒಬ್ಬ ಹೆಂಗಸಿನ ಪಲ್ಯದ ಮೇಲೆ ಹಾಕಿ ಹೇಗೆ ನಿದ್ದೆ ಮಾಡಿದರೋ!

ಶಾಂತಕ್ಕ ಜಗಳ ಬಿಟ್ಟಳು. ಶೇಟ್ ಕಲ್ಲು ತುಂಬಿದ ಜೋಳ ಕೊಟ್ಟರೂ ಸುಮ್ಮನೆ ತರುತ್ತಿದ್ದಳು.

ಅಣ್ಣ ಬಂದು ಆಕೆಯನ್ನು ಗದಗಿಗೆ ಕರೆದೊಯ್ದ ದಿನ ಸ್ಟೇಷನ್ನಿನಲ್ಲಿ, ಎಷ್ಟೋ ಸಲ ಹೇಳಿದ್ದನ್ನೇ ಮತ್ತೆ ಹೇಳಿದೆ. "ಬದನಿಕಾಯಿ ಅಲ್ಲ ಶಾಂತಕ್ಕ, ಆ ವಾರ್ಡೇ ನಂಜು."

ಆಕೆ ನನ್ನ ಕೈ ಹಿಡಿದುಕೊಂಡಳು. "ನೀ ಒಳ್ಳೇಕಿ, ಅದಕ್ಕ ಹಂಗಂತಿ ತಂಗಿ. ಡಾಕ್ಟರ್ ಒಮ್ಮೆ ಹೇಳಿದ್ದರ ನಂಬತಿದ್ದೆ."

ಅವರು ಹೇಳಲಿಲ್ಲ. ಗಂಡನನ್ನು ತಾನೇ ಕೊಂದೆನೆಂದು ನಂಬಿಕೊಂಡೇ ಶಾಂತಕ್ಕ ಗದಗಿನಲ್ಲಿ ಸತ್ತಳು.