ಅಡಕತ್ತರಿ ಯಾರದು?

ಮುಂಬೈ ಬಂದರಿನಲ್ಲಿ ಪ್ರವಾಸಿ ಹಡಗು ಹತ್ತುವ ಮುಂಚೆ ಚೀಲಗಳ ತಪಾಸಣೆ. ನಮ್ಮ ಚೀಲ ಒಳಹೋದಾಗ ಯಂತ್ರ ನಿಂತಿತು. ಸಿಬ್ಬಂದಿಯವನು ಬಟ್ಟೆ ಸರಿಸಿ, ನಾನು ಬಸವಕಲ್ಯಾಣದಲ್ಲಿ ಕೊಂಡಿದ್ದ ಅಡಕತ್ತರಿ ಎತ್ತಿ ಹಿಡಿದು, ಇದು ಯಾರದೆಂದು ಮರಾಠಿಯಲ್ಲಿ ಕೇಳಿದ.

ನಮ್ಮೂರು ಹುಮನಾಬಾದಿನಲ್ಲೇ ಹೆಂಡತಿ ಎಚ್ಚರಿಸಿದ್ದಳು. "ಹಡಗಿನಾಗ ಕತ್ತರಿ ಬಿಡಂಗಿಲ್ಲಂತ್ರಿ. ಅಡಕಿ ಇಲ್ಲೇ ಕತ್ತರಿಸಿ ಕೊಡ್ತೀನಿ."

"ನೀ ಯಾವಾಗ ಹಡಗ ಹತ್ತಿದ್ದಿ?" ಎಂದು ಆಕೆಯ ಬಾಯಿ ಮುಚ್ಚಿಸಿದ್ದೆ.

ಈಗ ಹಿಂದಿನ ಸಾಲೆಲ್ಲ ನಮ್ಮನ್ನೇ ನೋಡುತ್ತಿತ್ತು. ನಾನು ಹೆಂಡತಿಯತ್ತ ಕೈ ತೋರಿಸಿದೆ. ಆಕೆ ಹೌದೆಂದು ತಲೆಯಾಡಿಸಿದಳು. ಅವನು ಆಕೆಯನ್ನು ಗದರಿಸಿ, ಚೀಟಿಯ ಮೇಲೆ ಆಕೆಯ ಹೆಸರು ಬರೆದು, ಅಡಕತ್ತರಿ ತನ್ನಲ್ಲಿಟ್ಟುಕೊಂಡು, ಮರಳುವಾಗ ಒಯ್ಯಲು ಹೇಳಿದ. ಮನೆಯಲ್ಲಿ ಏನೇ ತಪ್ಪಾದರೂ ಆಕೆಯ ಮೇಲೆ ಹಾಕುವುದು ಮದುವೆಯಾದಂದಿನಿಂದ ನನ್ನ ರೂಢಿ. ಅದಕ್ಕೆ ಚೀಟಿ ಸಿಕ್ಕಿದ್ದು ಇದೇ ಮೊದಲು.

ಹಡಗು ಹತ್ತಿದ ಮೇಲೆ ಕೇಳಿದೆ. "ನಂದಲ್ಲ ಅಂತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಇನ್ನೊಂದು ಸುಳ್ಳು ಹುಡುಕಬೇಕಾಗ್ತಿತ್ತಲ್ರಿ," ಅಂದಳು. ಸೆರಗಿನ ಗಂಟು ಬಿಚ್ಚಿ, ಊರಲ್ಲೇ ಕತ್ತರಿಸಿ ತಂದಿದ್ದ ಅಡಕೆ ಚೂರುಗಳನ್ನು ನನ್ನ ಕೈಗೆ ಹಾಕಿದಳು.

ಹಡಗಿನಲ್ಲೇ ಕೂತು ಇದನ್ನು ಬರೆಯುವಾಗಲೂ ಅವು ಬಾಯಿಗೆ ಹೋಗದೆ ನನ್ನ ಎಡಗೈಯಲ್ಲೇ ಇವೆ.