ಹಿತ್ತಲ ಗೂಡಿನ ಲೋಟ

ಇಟ್ಟ ಸಾಮಾನು ತಾನಾಗಿ ಜಾಗ ಬದಲಿಸಿತು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಇಟ್ಟವರಿಗೇ ಮರೆತಿರುತ್ತದೆ, ಅಷ್ಟೇ ಎನ್ನುತ್ತಿದ್ದೆ. ದಿನವೂ ಲಿಂಗಪೂಜೆ ಮಾಡುವವಳು ನಿಜ. ಆದರೆ ಒಡೆಯದ ಹಾಲು, ಹೊತ್ತಿಗೆ ಬಂದ ಬಸ್ಸು, ಇಂಥವಕ್ಕೆ ಶಿವನಿಗೆ ಕೈಮುಗಿಯುವುದಷ್ಟೇ ನನ್ನ ಭಕ್ತಿ. ಪವಾಡದ ಮಾತಿಗೆ ಕಿವಿಗೊಟ್ಟವಳಲ್ಲ.

ಎರಡು ವರ್ಷದ ಹಿಂದೆ ಒಂದು ಭಾನುವಾರ, ಕೊಣನೂರಿನ ನಮ್ಮ ಮನೆಯಲ್ಲಿ ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದೆ. ಗೊರೂರಿನಿಂದ ಮಗಳು ಚೈತ್ರಾಳ ಫೋನ್ ಬಂತು. ಅಲ್ಲಿ ಕಾಲೇಜು ಮಕ್ಕಳ ನಾಯಕತ್ವ ಶಿಬಿರ. ಬೇರೆ ಬೇರೆ ಜಾತಿ, ಧರ್ಮದ ಮಕ್ಕಳು ಒಂದು ವಾರ ಒಟ್ಟಿಗಿದ್ದು ಶಾಲೆಗೆ ಸುಣ್ಣ ಬಳಿಯುವುದು, ಕಾಲುವೆ ಬದಿ ಕಸ ತೆಗೆಯುವುದು ಮಾಡುತ್ತಿದ್ದರು. ಕೊನೆಯ ದಿನವಾದ ಅವತ್ತು ಜೊತೆಯವರ ಮನೆಗೆ ಹೋಗಿ, ಮನೆಗೆಲಸಕ್ಕೆ ಕೈಹಾಕಿ, ಉಂಡು ಬರಬೇಕು. ಸಂಜೆ ಆ ಮನೆಯಲ್ಲಿ ಕಂಡದ್ದನ್ನು ಎಲ್ಲರ ಮುಂದೆ ಹೇಳಬೇಕು. "ಬಾಗೂರಿನ ಸುಜಾತಾನ ಕರ್ಕೊಂಡ್ ಬತ್ತೀನಿ ಕಣಮ್ಮ" ಎಂದಳು.

ಸುಜಾತಾ ಬಂದವಳೇ ನನ್ನ ಪಕ್ಕ ಕೂತಳು. ಅವಳು ಒತ್ತಿದ ಕಾಳು ಹಾರಿ ನನ್ನ ಕೆನ್ನೆಗೆ ಬಡಿಯಿತು. "ನಮ್ ಲೀಡರ್ ಗುರಿ ನೋಡಮ್ಮ" ಎಂದು ಚೈತ್ರಾ ರೇಗಿಸಿದಳು. ಮೂವರೂ ನಕ್ಕೆವು. ಹೇಗೆ ಒತ್ತಬೇಕೆಂದು ಅವಳ ಬೆರಳು ಹಿಡಿದು ತೋರಿಸಿದೆ. ಆಮೇಲೆ, ಜಾತಿಯನ್ನು ನೇರವಾಗಿ ಕೇಳಲಾರದ ನಮ್ಮಂಥವರು ಕೇಳುವ ಪ್ರಶ್ನೆಯನ್ನೇ ಕೇಳಿದೆ: "ನಿಮ್ಮನೆ ದೇವರು ಯಾವ್ದಮ್ಮ?"

"ನಮ್ಮನೇಲಿ ಬುದ್ಧನ ಫೋಟೋ ಐತೆ ಆಂಟಿ" ಎಂದಳು. ಮುಖದಲ್ಲಿ ಅಳುಕಿರಲಿಲ್ಲ. ನನಗೆ ಅರ್ಥವಾಯಿತು.

ಊಟಕ್ಕೆ ಮಗಳಿಗೆ ತಟ್ಟೆ ಇಟ್ಟು, ಅವಳಿಗೆ ಬಾಳೆ ಎಲೆ ಹಾಕಿದೆ. ನೆಂಟರಿಗೆ ಎಲೆಯೇ ಚೆಂದ ಎಂದೂ ಅಂದೆ. ನೀರು ಕೊಟ್ಟದ್ದು ಹಿತ್ತಲ ಗೋಡೆಯ ಗೂಡಿನಲ್ಲಿದ್ದ ನೆಗ್ಗಿದ ಸ್ಟೀಲ್ ಲೋಟದಲ್ಲಿ. ಕೂಲಿಗೆ ಬರುವ ಕೆಲವರಿಗೆಂದು ನಮ್ಮತ್ತೆಯ ಕಾಲದಿಂದ ಬೇರೆ ಇಟ್ಟಿದ್ದು ಅದು. ಅವಳು ಒಮ್ಮೆ ಲೋಟ ನೋಡಿದಳು, ಕುಡಿದಳು. ಉಂಡೆದ್ದು ಅದನ್ನು ತೊಳೆದು, "ಇದನ್ನ ಎಲ್ಲಿಡ್ಲಿ ಆಂಟಿ?" ಎಂದಳು.

"ಅಲ್ಲೇ, ಆಚೆ ಗೂಡಲ್ಲಿಡು" ಎಂದುಬಿಟ್ಟೆ.

ಬಸ್ಸಿಗೆ ಹೊರಡುವಾಗ ಚೈತ್ರಾ ನನ್ನನ್ನು ಒಳಗೆ ಕರೆದು, "ಆ ಲೋಟ ಯಾಕೆ ಬ್ಯಾರೆ ಐತೆ ಅಂತ ನಾನೂ ಒಂದಿನ ಕೇಳ್ಲಿಲ್ಲ ಕಣಮ್ಮ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೂ ಆಗ ನನಗಿದ್ದದ್ದು ಒಂದೇ ಭಯ, ಆ ಹುಡುಗಿ ಎಲ್ಲರ ಮುಂದೆ ಏನು ಹೇಳುತ್ತಾಳೋ ಎಂದು. ಸಂಜೆ ದೇವರ ಕೋಣೆಯಲ್ಲಿ ದೀಪ ಹಚ್ಚುವಾಗಲೂ ಅದೇ ಯೋಚನೆ. ಬೆಳ್ಳಿಯ ತೀರ್ಥದ ಬಟ್ಟಲು ಆಗ ತನ್ನ ಜಾಗದಲ್ಲೇ ಇತ್ತು. ಇದು ನನಗೆ ಚೆನ್ನಾಗಿ ನೆನಪಿದೆ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ದೇವರ ಕೋಣೆಯ ಚಿಲಕ ತೆಗೆದೆ. ಬಟ್ಟಲಿನ ಜಾಗದಲ್ಲಿ ನೆಗ್ಗಿದ ಲೋಟ ಇತ್ತು. ತುಂಬ ನೀರು, ಮೇಲೊಂದು ಬಿಲ್ವಪತ್ರೆ. ಹಿತ್ತಲ ಬಾಗಿಲಿನ ಚಿಲಕ ಒಳಗಿನಿಂದ ಹಾಕಿದಂತೆಯೇ ಇತ್ತು. ತೆಗೆದು ನೋಡಿದರೆ ಆಚೆ ಗೂಡಿನಲ್ಲಿ ಬೆಳ್ಳಿ ಬಟ್ಟಲು ಬೋರಲಾಗಿ ಕೂತಿತ್ತು. ಮಗಳು ಇನ್ನೂ ಗೊರೂರಿನಲ್ಲಿದ್ದಳು. ನಮ್ಮ ಮನೆಯವರನ್ನು ಎಬ್ಬಿಸಿ ಕೇಳಿದರೆ, "ಆ ಲೋಟ ಎಲ್ಲಿರ್ತದೆ ಅಂತ್ಲೇ ನಂಗೊತ್ತಿಲ್ಲ ಕಣೆ. ನೀನೇ ಇಟ್ಟು ಮರ್ತಿರ್ತೀಯ" ಎಂದರು. ನಾನು ಊರಿಗೆಲ್ಲ ಹೇಳುತ್ತಿದ್ದ ಮಾತೇ.

ಇನ್ನೊಂದನ್ನು ಮುಚ್ಚಿಡಬಾರದು. ದೇವರ ಮುಂದಿದ್ದ ನೀರು ಅದು. ಆದರೂ ತೀರ್ಥವೆಂದು ಕುಡಿಯಲು ನನ್ನ ಕೈ ಮುಂದೆ ಹೋಗಲಿಲ್ಲ. ಬಹಳ ಹೊತ್ತು ನಿಂತಿದ್ದು, ಕೊನೆಗೆ ಕಣ್ಣು ಮುಚ್ಚಿ ಕುಡಿದೆ. ಬರೀ ನೀರು.

ಮಧ್ಯಾಹ್ನ ಚೈತ್ರಾ ಬಂದಳು. ಹಿಂದಿನ ಸಂಜೆ ಎಲ್ಲರ ಮುಂದೆ ಸುಜಾತಾ ಏನೆಂದಳೆಂದು ಅವಳೇ ಹೇಳಿದಳು: "ಚೈತ್ರಾ ಅವ್ರಮ್ಮ ಬೆರಳು ಹಿಡ್ದು ಅವರೆಕಾಳು ಹಿಸುಕೋದು ಕಲಿಸಿದ್ರು ಅಂದ್ಲು ಸುಜಾತಾ. ಅಷ್ಟೇ."

ದೇವರು ಮರ್ಯಾದೆ ಉಳಿಸಿದ ಎಂದುಕೊಂಡೆ. ಉಳಿಸಿದವಳು ಆ ಹುಡುಗಿ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ತಪ್ಪಾಯಿತು ಎನ್ನಲೆಂದೇ ಮಗಳ ಮೊಬೈಲಿನಿಂದ ಅವಳಿಗೆ ಫೋನ್ ಮಾಡಿದೆ. ಬಾಯಿಗೆ ಬಂದದ್ದು, "ಮುಂದಿನ ಭಾನುವಾರ ಊಟಕ್ಕೆ ಬಾರವ್ವ" ಎಂದಷ್ಟೇ. "ನೋಡ್ತೀನಿ ಆಂಟಿ" ಎಂದಳು. ಇನ್ನೂ ಬಂದಿಲ್ಲ.

ಲೋಟವನ್ನು ಅಲ್ಲಿ ಯಾರು ಇಟ್ಟರೋ ಇವತ್ತಿಗೂ ಗೊತ್ತಿಲ್ಲ. ಅವತ್ತು ಫೋನ್ ಇಟ್ಟು ಅಡುಗೆಮನೆಗೆ ಹೋದೆ. ಮನೆಯ ಲೋಟಗಳನ್ನೆಲ್ಲ ಕೆಳಗಿಳಿಸಿ, ಆ ನೆಗ್ಗಿದ ಲೋಟವನ್ನೂ ಜೊತೆಗೆ ಸೇರಿಸಿ, ತೊಳೆಯಲು ಕೂತೆ.